ಮೂರು ಗಂಟೆ ಪರೀಕ್ಷೆಗೆ ಕಾಫಿ, ತಿಂಡಿ ಹೊಂದಿಸಿಕೊಳ್ಳುವುದು ಹೇಗೆ? ಮಲೆನಾಡಿನ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದಲ್ಲಿ ಪರೀಕ್ಷಾ ಕೇಂದ್ರ ಬಿದ್ದರೆ ಹೊಸನಗರ, ಸೊರಬ, ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ಆ ದಿನ ಬೆಳಗ್ಗೆ ಐದಕ್ಕೇ ಶುರುವಾಗುತ್ತದೆ. ಎದ್ದ ತಕ್ಷಣ ಅಮ್ಮ ದೊಡ್ಡ ಲೋಟದಲ್ಲಿ ಕಾಫಿ ಕೊಡುತ್ತಾರೆ. ಬಸ್ಸಿಗೆ ಹೊತ್ತಾಯಿತು ಅಂತ ತಿಂಡಿ ಅರ್ಧಕ್ಕೇ ನಿಲ್ಲುತ್ತದೆ. ಹತ್ತೂವರೆಗೆ ಪ್ರಶ್ನೆಪತ್ರಿಕೆ ಕೈಗೆ ಬರುವಾಗ ಕಾಫಿಯ ಬಲ ಇಳಿಯುತ್ತಿರುತ್ತದೆ, ಹೊಟ್ಟೆ ಖಾಲಿಯಾಗಿರುತ್ತದೆ. ಹನ್ನೊಂದೂವರೆಗೆ ಆಕಳಿಕೆ. ಓದಿದ್ದು ಗೊತ್ತಿದ್ದೂ ಲೆಕ್ಕ ತಪ್ಪುತ್ತದೆ.

ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಇದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ. ವರ್ಷವಿಡೀ ಓದಿದ ಮಗು ಹೊಟ್ಟೆ ಮತ್ತು ನಿದ್ದೆಯ ಕಾರಣಕ್ಕೆ ಅಂಕ ಕಳೆದುಕೊಳ್ಳಬಾರದು. ಅದೇ ಕಾಫಿ, ಅದೇ ತಿಂಡಿ ಸಾಕು. ಹೊತ್ತು ಮಾತ್ರ ಬದಲಾಗಬೇಕು. ಇಲ್ಲಿ ಹೇಳುವುದೆಲ್ಲ ಆ ಹೊತ್ತಿನ ವಿಚಾರ.

ಹಂತ 1: ಮೊದಲು ಗಡಿಯಾರ ನೋಡಿ, ಆಮೇಲೆ ಕಾಫಿ

ಒಂದು ಹಾಳೆ ತೆಗೆದುಕೊಳ್ಳಿ. ಪರೀಕ್ಷೆ ಶುರುವಾಗುವ ಗಂಟೆ, ಮುಗಿಯುವ ಗಂಟೆ, ಗೇಟು ಮುಚ್ಚುವ ಗಂಟೆ, ಮನೆಯಿಂದ ಹೊರಡುವ ಗಂಟೆ, ಈ ನಾಲ್ಕನ್ನು ಬರೆಯಿರಿ. ಪ್ರತಿ ಪರೀಕ್ಷೆಯ ಸ್ವಭಾವ ಬೇರೆ ಇರುತ್ತದೆ.

ಎಸ್ಸೆಸ್ಸೆಲ್ಸಿ, ಪಿಯುಸಿ ಬೆಳಗ್ಗೆ ಹತ್ತರ ಹೊತ್ತಿಗೆ ಶುರುವಾಗಿ ಮೂರು ಗಂಟೆ ಅಥವಾ ಸ್ವಲ್ಪ ಜಾಸ್ತಿ ನಡೆಯುತ್ತವೆ. ಸಿಇಟಿಯಲ್ಲಿ ದಿನಕ್ಕೆ ಎರಡು ಪೇಪರ್. ಒಂದೊಂದಕ್ಕೂ 60 ಪ್ರಶ್ನೆ, 80 ನಿಮಿಷ. ಬೆಳಗ್ಗೆ 10.30ಕ್ಕೆ ಒಂದು, ಮಧ್ಯಾಹ್ನ 2.30ಕ್ಕೆ ಇನ್ನೊಂದು. ನೀಟ್ 2025ರಲ್ಲಿ ಮಧ್ಯಾಹ್ನ 2ರಿಂದ 5ರವರೆಗೆ ನಡೆಯಿತು. 180 ಪ್ರಶ್ನೆ, 180 ನಿಮಿಷ. ಗೇಟು 1.30ಕ್ಕೇ ಮುಚ್ಚಿತ್ತು. ಜೆಇಇ ಮೇನ್ ಬೆಳಗ್ಗೆ 9ಕ್ಕೂ ಇರಬಹುದು, ಮಧ್ಯಾಹ್ನ 3ಕ್ಕೂ ಇರಬಹುದು. ಕೆಎಎಸ್ ಪೂರ್ವಭಾವಿಯಲ್ಲಿ ಒಂದೇ ದಿನ ಎರಡೆರಡು ಗಂಟೆಯ ಎರಡು ಪೇಪರ್. ಸಮಯ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಾಗಾಗಿ ನಿಮ್ಮ ಹಾಲ್ ಟಿಕೆಟ್‌ನಲ್ಲಿ ಇರುವುದೇ ಕೊನೆಯ ಮಾತು.

ಮಧ್ಯಾಹ್ನದ ಪೇಪರ್ ಇರುವವರು ಒಂದು ವಿಷಯ ಗಮನಿಸಿ. ಒಂದರಿಂದ ಮೂರು ಗಂಟೆಯ ಹೊತ್ತಿಗೆ ಮೈ ತಾನಾಗಿಯೇ ಸ್ವಲ್ಪ ಜಡವಾಗುತ್ತದೆ. ಊಟ ಮಾಡದಿದ್ದರೂ ಇದು ಇದ್ದೇ ಇದೆ, ಮೈಯೊಳಗಿನ ಗಡಿಯಾರವೇ ಹಾಗೆ. ಹೊಟ್ಟೆ ತುಂಬ ಉಂಡರೆ ಇನ್ನೂ ಜೋರು. ನೀಟ್ ಶುರುವಾಗುವುದು ಸರಿಯಾಗಿ ಆ ಹೊತ್ತಿನಲ್ಲೇ.

ಹಂತ 2: ಕಾಫಿ ಒಳಗೆ ಏನು ಮಾಡುತ್ತದೆ, ತಿಳಿದುಕೊಳ್ಳಿ

ನಾವು ಎದ್ದಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಕೂತರೆ ನಮಗೆ ನಿದ್ದೆ ಬಂದಂತಾಗುತ್ತದೆ. ಕಾಫಿ, ಟೀಯಲ್ಲಿರುವ ಕೆಫೀನ್ ಆ ಜಾಗವನ್ನು ಮೊದಲೇ ಹಿಡಿದುಬಿಡುತ್ತದೆ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಅಡೆನೋಸಿನ್ ಎಲ್ಲಿಗೂ ಹೋಗಿರುವುದಿಲ್ಲ, ಅಲ್ಲೇ ಕಾಯುತ್ತಿರುತ್ತದೆ. ಕೆಫೀನ್ ಇಳಿದಾಗ ಅಷ್ಟೂ ಸುಸ್ತು ಒಟ್ಟಿಗೆ ಕಾಣಿಸಿಕೊಳ್ಳುತ್ತದೆ. ನಿದ್ದೆಗೆಟ್ಟು ಓದಿ, ಕಾಫಿ ಕುಡಿದು ಹೋದವರು ಪರೀಕ್ಷೆಯ ಕೊನೆಯ ಗಂಟೆಯಲ್ಲಿ ಕುಸಿಯುವುದು ಇದರಿಂದಲೇ.

ಮೂರು ಲೆಕ್ಕ ನೆನಪಿಟ್ಟುಕೊಂಡರೆ ಸಾಕು. ಕುಡಿದ 15-20 ನಿಮಿಷಕ್ಕೆ ಪರಿಣಾಮ ಶುರುವಾಗುತ್ತದೆ. 30ರಿಂದ 60 ನಿಮಿಷದೊಳಗೆ ರಕ್ತದಲ್ಲಿ ಅತಿ ಹೆಚ್ಚು ಇರುತ್ತದೆ. ಅದರಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಕೆಲವರಿಗೆ ಮೂರೇ ಗಂಟೆ ಸಾಕು, ಕೆಲವರಿಗೆ ಏಳು ಗಂಟೆ ಹಿಡಿಯುತ್ತದೆ. ಅಂದರೆ ಪೇಪರ್ ಶುರುವಾಗುವ 45 ನಿಮಿಷದಿಂದ ಒಂದು ಗಂಟೆ ಮೊದಲು ಕುಡಿದ ಕಾಫಿ ಮೂರು ಗಂಟೆಯ ಪರೀಕ್ಷೆಗೆ ಚೆನ್ನಾಗಿ ಹೊಂದುತ್ತದೆ. ಬೆಳಗ್ಗೆ ಐದರ ಕಾಫಿ ಬಸ್ಸಿನ ಪಯಣಕ್ಕೆ ಖರ್ಚಾಗುತ್ತದೆ.

ಕಾಫಿ ಎಚ್ಚರ ಕೊಡುತ್ತದೆ, ಗಮನ ಹಿಡಿದಿಡಲು ಸಹಾಯ ಮಾಡುತ್ತದೆ. ಓದದೇ ಇದ್ದದ್ದನ್ನು ನೆನಪು ಮಾಡಿಕೊಡುವುದಿಲ್ಲ. ಕಷ್ಟದ ಪ್ರಶ್ನೆಯನ್ನು ಸುಲಭ ಮಾಡುವುದೂ ಇಲ್ಲ.

ಹಂತ 3: ನಿಮ್ಮ ಲೋಟದಲ್ಲಿ ಎಷ್ಟಿದೆ?

ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್, ಒಂದು ಸಲಕ್ಕೆ 200 ಮಿಲಿಗ್ರಾಂ ಮೀರಬಾರದು ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ. ಮಕ್ಕಳಿಗೆ, ಹದಿಹರೆಯದವರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 3 ಮಿಲಿಗ್ರಾಂ ಲೆಕ್ಕ. 50 ಕೆಜಿ ಇರುವ ಪಿಯುಸಿ ಹುಡುಗಿಗೆ ಇಡೀ ದಿನಕ್ಕೆ 150 ಮಿಲಿಗ್ರಾಂ ಆಯಿತು. ಇದು ಮೇಲಿನ ಗೆರೆ. ಮುಟ್ಟಲೇಬೇಕು ಅಂತೇನಿಲ್ಲ. ಪರೀಕ್ಷೆಗೆ ಇದರ ಅರ್ಧವೇ ಧಾರಾಳ.

ಇನ್‌ಸ್ಟಂಟ್ ಕಾಫಿ ಪುಡಿ ಒಂದು ಟೀ ಚಮಚ ಹಾಕಿದರೆ ಸುಮಾರು 60 ಮಿಲಿಗ್ರಾಂ ಬರುತ್ತದೆ. ಒಂದು ಕಪ್ ಟೀಯಲ್ಲಿ 30ರಿಂದ 50. ಕೋಲಾ ಬಾಟಲಿಯಲ್ಲಿ 30ರ ಆಸುಪಾಸು. 250 ಮಿಲಿಲೀಟರಿನ ಎನರ್ಜಿ ಡ್ರಿಂಕ್‌ನಲ್ಲಿ 75-80.

ನಮ್ಮ ಫಿಲ್ಟರ್ ಕಾಫಿಗೆ ಹೀಗೆ ಒಂದು ಅಂಕಿ ಹೇಳುವುದು ಕಷ್ಟ. ಅದಕ್ಕೆ ಕಾರಣ ಪುಡಿ. ಅಂಗಡಿಯ ಪುಡಿಯಲ್ಲಿ ಸಾಮಾನ್ಯವಾಗಿ ಚಿಕೋರಿ ಬೆರೆತಿರುತ್ತದೆ. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಬಣ್ಣ ಕೊಡುತ್ತದೆ, ಕಹಿ ಕೊಡುತ್ತದೆ, ಮಂದ ಮಾಡುತ್ತದೆ. ಹಾಗಾಗಿ ಕಪ್ಪಗಿದೆ ಅಂದ ಮಾತ್ರಕ್ಕೆ ಸ್ಟ್ರಾಂಗ್ ಅಂದುಕೊಳ್ಳಬೇಡಿ. ಎಷ್ಟು ಶೇಕಡಾ ಚಿಕೋರಿ ಇದೆ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತಾರೆ, ನೋಡಿ. ಇನ್ನು ರೊಬಸ್ಟಾ ಬೀಜದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುತ್ತದೆ. ಕೊಪ್ಪ, ಬಾಳೆಹೊನ್ನೂರು ಕಡೆ ತೋಟ ಇರುವವರ ಮನೆಯ ಪುಡಿಗೆ ಚಿಕೋರಿ ಸೋಕಿರುವುದಿಲ್ಲ. ಅಂಥ ಪುಡಿಯ ಮೊದಲ ಡಿಕಾಕ್ಷನ್ ಪೇಟೆಯ ಹೋಟೆಲ್ ಕಾಫಿಗಿಂತ ಎಷ್ಟೋ ಜೋರು.

ಇದು ಪರೀಕ್ಷೆಗೆ ಹೇಗೆ ಮುಖ್ಯ ಅಂತೀರಾ? ಹಿಂದಿನ ದಿನ ಶಿವಮೊಗ್ಗದ ನೆಂಟರ ಮನೆಯಲ್ಲಿ ಉಳಿಯುತ್ತೀರಿ. ಅತ್ತೆ ಪ್ರೀತಿಯಿಂದ ಗಟ್ಟಿ ಕಾಫಿ ಮಾಡಿಕೊಡುತ್ತಾರೆ. ಮನೆಯಲ್ಲಿ ಕುಡಿಯುವುದರ ಎರಡು ಪಟ್ಟು ಕೆಫೀನ್ ಒಳಗೆ ಹೋಗುತ್ತದೆ. ಹಾಲ್‌ನಲ್ಲಿ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ. ಭಯ ಅಂದುಕೊಳ್ಳುತ್ತೀರಿ, ಭಯ ಇನ್ನೂ ಹೆಚ್ಚಾಗುತ್ತದೆ. ಮನೆಯ ಪುಡಿಯನ್ನೇ ಒಂದು ಸಣ್ಣ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ. ಅತ್ತೆ ಬೇಸರ ಮಾಡಿಕೊಳ್ಳುವುದಿಲ್ಲ.

ಹಂತ 4: ಎರಡು ವಾರ ಮೊದಲೇ ಅಭ್ಯಾಸ

ಈ ಹಂತವನ್ನು ಬಿಡಬೇಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮಾದರಿ ಪರೀಕ್ಷೆ ಬರೆಯುವಾಗ ನಿಜವಾದ ಪರೀಕ್ಷೆಯ ಗಂಟೆಗೇ ಕೂರಿ. ನೀಟ್ ಬರೆಯುವವರು ಮಧ್ಯಾಹ್ನ 2ಕ್ಕೇ ಕೂರಬೇಕು. ರಾತ್ರಿ ಹತ್ತಕ್ಕೆ ಕೂತು ಮೂರು ಗಂಟೆ ಬರೆದರೆ ಲೆಕ್ಕಕ್ಕೆ ಬರುವುದಿಲ್ಲ. ಪರೀಕ್ಷೆಯ ದಿನ ಏನು ತಿನ್ನಬೇಕು, ಎಷ್ಟು ಕುಡಿಯಬೇಕು ಅಂದುಕೊಂಡಿದ್ದೀರೋ ಅದನ್ನೇ ಆವತ್ತೂ ಮಾಡಿ. ಬರೆದ ಮೇಲೆ ನಾಲ್ಕು ವಿಷಯ ಟಿಪ್ಪಣಿ ಮಾಡಿಕೊಳ್ಳಿ: ಯಾವ ಗಂಟೆಗೆ ಆಕಳಿಕೆ ಬಂತು, ಹಸಿವು ಯಾವಾಗ ಆಯಿತು, ಎಷ್ಟು ಸಲ ಮೂತ್ರಕ್ಕೆ ಹೋಗಬೇಕೆನಿಸಿತು, ಕೈ ನಡುಗಿತಾ. ಎರಡು-ಮೂರು ಸಲ ಹೀಗೆ ಮಾಡಿದರೆ ನಿಮ್ಮ ಅಳತೆ ನಿಮಗೇ ಗೊತ್ತಾಗುತ್ತದೆ. ನನ್ನ ಅಳತೆ ನಿಮಗೆ ಹೊಂದಬೇಕಾಗಿಲ್ಲ.

ಕಾಫಿ, ಟೀ ಅಭ್ಯಾಸವೇ ಇಲ್ಲದವರು ಪರೀಕ್ಷೆಗೆ ಅಂತ ಶುರು ಮಾಡುವುದು ಬೇಡ. ಹದಿನೈದು-ಹದಿನಾರರ ಎಸ್ಸೆಸ್ಸೆಲ್ಸಿ ಮಕ್ಕಳಿಗಂತೂ ಅಗತ್ಯವೇ ಇಲ್ಲ. ನಿದ್ದೆ ಮತ್ತು ತಿಂಡಿಯಲ್ಲೇ ಅವರ ಕೆಲಸ ಆಗುತ್ತದೆ.

ಇದರ ಉಲ್ಟಾ ತಪ್ಪೂ ಇದೆ. ದಿನಾ ಮೂರು ಲೋಟ ಕುಡಿಯುವವರು "ಪರೀಕ್ಷೆ ಬಂತು, ಕಾಫಿ ಬಿಡ್ತೀನಿ" ಅಂತ ಒಮ್ಮೆಲೇ ನಿಲ್ಲಿಸುತ್ತಾರೆ. ಕಾಫಿ ನಿಂತ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಮೈ ಭಾರ, ಸಿಡುಕು, ಗಮನ ನಿಲ್ಲದಿರುವುದು ಜೊತೆಗೆ ಬರುತ್ತವೆ. ಒಂದೆರಡು ದಿನದಲ್ಲಿ ಜೋರಾಗಿ, ಕೆಲವರಿಗೆ ಒಂದು ವಾರದವರೆಗೂ ಎಳೆಯುತ್ತದೆ. ಪರೀಕ್ಷೆಯ ವಾರದಲ್ಲಿ ಇದು ಬೇಡವೇ ಬೇಡ. ಕುಡಿಯುತ್ತಿದ್ದಷ್ಟನ್ನೇ ಕುಡಿಯಿರಿ. ಹೊತ್ತು ಮಾತ್ರ ಹೊಂದಿಸಿಕೊಳ್ಳಿ.

ಹಂತ 5: ಹಿಂದಿನ ದಿನ

ಮಧ್ಯಾಹ್ನ ಎರಡು ಗಂಟೆಯ ನಂತರ ಕಾಫಿ, ಟೀ ನಿಲ್ಲಿಸಿ. ಸಂಜೆ ಐದಕ್ಕೆ ಕುಡಿದ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ನಿದ್ದೆ ಬಂದರೂ ಆಳವಾಗಿ ಬರುವುದಿಲ್ಲ. ಓದಿದ್ದು ಮಿದುಳಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ.

ಮಳೆಗಾಲದ ಸಂಜೆ ಬಿಸಿಯಾಗಿ ಏನಾದರೂ ಬೇಕು ಅನಿಸುತ್ತದೆ, ಅಲ್ವಾ? ನಮ್ಮಲ್ಲಿ ಕಷಾಯ ಇದೆಯಲ್ಲ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಶುಂಠಿ ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿ, ಹಾಲು ಬೆರೆಸಿದ ಕಷಾಯದಲ್ಲಿ ಕೆಫೀನ್ ಇಲ್ಲ. ಕಾಫಿ ಕುಡಿದ ಸಮಾಧಾನ ಸಿಗುತ್ತದೆ, ನಿದ್ದೆಗೆ ತೊಂದರೆ ಇಲ್ಲ. ಶುಂಠಿ ಟೀ ಕಷಾಯ ಅಲ್ಲ ಅನ್ನುವುದು ನೆನಪಿರಲಿ. ಅದರಲ್ಲಿ ಟೀ ಪುಡಿ ಇದೆ.

ರಾತ್ರಿ ಊಟ ಎಂಟರೊಳಗೆ, ಮನೆಯ ಊಟ. ಏಪ್ರಿಲ್-ಮೇ ಅಂದರೆ ಹಲಸಿನ ಕಾಲ. ಹಲಸಿನ ಹಣ್ಣು, ಹಣ್ಣಿನ ಕಡುಬು ಎಷ್ಟೇ ಇಷ್ಟವಾದರೂ ಆ ಎರಡು ದಿನ ಬೇಡ. ಹೊಟ್ಟೆ ಉಬ್ಬರಿಸಿದರೆ ಮೂರು ಗಂಟೆ ಕೂರುವುದು ಹಿಂಸೆ.

ಹಂತ 6: ಬಸ್ಸಿನ ಪಯಣ ಮತ್ತು ವಾಂತಿ ಮಾತ್ರೆ

ಈ ವಿಷಯ ನಮ್ಮ ಊರುಗಳಲ್ಲಿ ಬಹಳ ಮುಖ್ಯ. ಆದರೂ ಹೇಳುವವರು ಕಡಿಮೆ.

ತಿರುವು ರಸ್ತೆ ಅಂದರೆ ಹೊಟ್ಟೆ ತೊಳೆಸುವ ಮಕ್ಕಳು ತುಂಬ ಜನ ಇದ್ದಾರೆ. ಬಸ್ಸು ಹತ್ತುವ ಮೊದಲು ಮೆಡಿಕಲ್ ಶಾಪಿನಿಂದ ತಂದ ವಾಂತಿ ಮಾತ್ರೆ ನುಂಗುವುದು ರೂಢಿ. ಸಾಮಾನ್ಯವಾಗಿ ಕೊಡುವ ಅವೊಮಿನ್ ಮಾತ್ರೆಯಲ್ಲಿ ಇರುವುದು ಪ್ರೊಮೆಥಜೀನ್. ಅದು ಜೋರು ನಿದ್ದೆ ತರಿಸುವ ಔಷಧ. ಬೆಳಗ್ಗೆ ಆರಕ್ಕೆ ನುಂಗಿದರೆ ಹನ್ನೆರಡಕ್ಕೂ ಅಮಲು ಬಿಟ್ಟಿರುವುದಿಲ್ಲ. ಶೀತ, ಅಲರ್ಜಿಗೆ ತೆಗೆದುಕೊಳ್ಳುವ ಸೆಟಿರಿಜಿನ್, ಕ್ಲೋರ್‌ಫೆನಿರಮಿನ್ ಇರುವ ಮಾತ್ರೆಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಅದರ ಮೇಲೆ ಎಷ್ಟು ಕಾಫಿ ಕುಡಿದರೂ ಆ ಮಂಪರು ಪೂರ್ತಿ ಹೋಗುವುದಿಲ್ಲ. ಎದೆ ಹೊಡೆದುಕೊಳ್ಳುವುದು ಮಾತ್ರ ಜಾಸ್ತಿಯಾಗುತ್ತದೆ.

ಸಾಧ್ಯವಾದರೆ ಹಿಂದಿನ ದಿನವೇ ಶಿವಮೊಗ್ಗಕ್ಕೆ ಬಂದುಬಿಡಿ. ನೆಂಟರೋ, ಹಾಸ್ಟೆಲಿನ ಗೆಳತಿಯೋ, ಯಾರಾದರೂ ಇರುತ್ತಾರೆ. ಒಂದು ರಾತ್ರಿಯ ವ್ಯವಸ್ಥೆ ಅಷ್ಟೇ. ಅವತ್ತೇ ಬರಬೇಕಾದರೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಿ. ಪುಸ್ತಕ, ಮೊಬೈಲ್ ಮುಟ್ಟಬೇಡಿ. ಓದುತ್ತಾ ಕೂತರೆ ವಾಂತಿ ಬರುವುದು ಖಂಡಿತ. ಪೂರ್ತಿ ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಒಂದು ಬಾಳೆಹಣ್ಣು, ಎರಡು ಬಿಸ್ಕತ್ತು ಅಥವಾ ಒಂದು ಇಡ್ಲಿ ತಿಂದು ಹೊರಡಿ. ಬಾಯಲ್ಲಿ ಶುಂಠಿ ಚೂರು ಇಟ್ಟುಕೊಂಡರೆ ಎಷ್ಟೋ ಜನರಿಗೆ ಹಿತವಾಗುತ್ತದೆ. ಮಾತ್ರೆ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಎರಡು ವಾರ ಮೊದಲೇ ಡಾಕ್ಟರ ಹತ್ತಿರ "ಪರೀಕ್ಷೆ ಇದೆ, ನಿದ್ದೆ ಬರಬಾರದು" ಅಂತ ಹೇಳಿ ಬೇರೆ ದಾರಿ ಕೇಳಿ. ಅವರು ಕೊಟ್ಟದ್ದನ್ನು ರಜೆಯ ದಿನ ಒಮ್ಮೆ ತೆಗೆದುಕೊಂಡು ನೋಡಿ.

ಬಸ್ಸಿಗೆ ಮೊದಲು ಕಾಫಿ ಬೇಡ. ಹೊಟ್ಟೆ ತೊಳೆಸುವವರಿಗೆ ಹಾಲಿನ ಕಾಫಿ ಇನ್ನಷ್ಟು ತೊಂದರೆ ಕೊಡುತ್ತದೆ. ಫ್ಲಾಸ್ಕಿನಲ್ಲಿ ಹಾಕಿಸಿಕೊಂಡು ಬನ್ನಿ. ಪರೀಕ್ಷಾ ಕೇಂದ್ರದ ಹೊರಗೆ ಕುಡಿಯುವಿರಂತೆ.

ಹಂತ 7: ತಿಂಡಿ, ಊಟ

ಮಿದುಳು ಮೈ ತೂಕದ ನೂರರಲ್ಲಿ ಎರಡು ಪಾಲು ಮಾತ್ರ. ಆದರೆ ಮೈಯ ಶಕ್ತಿಯಲ್ಲಿ ಐದನೇ ಒಂದು ಪಾಲು ಅದಕ್ಕೇ ಹೋಗುತ್ತದೆ. ಅದಕ್ಕೆ ಬೇಕಾದದ್ದು ನಿಧಾನವಾಗಿ, ಬಿಡದೆ ಬರುವ ಸಕ್ಕರೆ. ಗ್ಲೂಕೋಸ್ ಪುಡಿ ಕಲಸಿ ಕುಡಿಸಿದರೆ ಮಗು ಚುರುಕಾಗುತ್ತದೆ ಅನ್ನುವ ನಂಬಿಕೆ ಅಪ್ಪ-ಅಮ್ಮಂದಿರಲ್ಲಿ ಗಟ್ಟಿಯಾಗಿದೆ. ಸುಮ್ನೆ ಸಕ್ಕರೆ ಕುಡಿದರೆ ಆ ಚುರುಕು ನಿಲ್ಲುವುದಿಲ್ಲ. ಬೇಗ ಏರಿದ ಸಕ್ಕರೆ ಬೇಗ ಇಳಿಯುತ್ತದೆ, ಆಮೇಲೆ ಮಂಕು ಕವಿಯುತ್ತದೆ. ಮೂರು ಗಂಟೆಯ ಪೇಪರ್‌ಗೆ ಇದು ಹೊಂದುವುದಿಲ್ಲ.

ಪೇಪರ್ ಶುರುವಾಗುವ ಎರಡರಿಂದ ಎರಡೂವರೆ ಗಂಟೆ ಮೊದಲು ಸರಿಯಾದ ತಿಂಡಿ ಆಗಿರಬೇಕು. ಇಡ್ಲಿ ಮತ್ತು ಕಡಲೆ ಚಟ್ನಿ ಒಳ್ಳೆಯದು. ತರಕಾರಿ, ಶೇಂಗಾ ಹಾಕಿದ ಉಪ್ಪಿಟ್ಟು ಅಥವಾ ಅವಲಕ್ಕಿಯೂ ಆದೀತು. ಮೊಟ್ಟೆ ತಿನ್ನುವವರು ಒಂದು ಬೇಯಿಸಿದ ಮೊಟ್ಟೆ ಸೇರಿಸಿಕೊಳ್ಳಿ, ಹಸಿವು ತಡವಾಗಿ ಬರುತ್ತದೆ. ನೀರುದೋಸೆ ಹಗುರ, ಆದರೆ ಬೇಗ ಹಸಿವಾಗುತ್ತದೆ. ಜೊತೆಗೆ ತೆಂಗಿನಕಾಯಿ ಚಟ್ನಿ ಮಾತ್ರ ಸಾಲದು, ಹೆಸರುಕಾಳಿನ ಪಲ್ಯ ಇದ್ದರೆ ನಿಲ್ಲುತ್ತದೆ. ಅಕ್ಕಿ ರೊಟ್ಟಿ ತಿನ್ನಬಹುದು, ಎಣ್ಣೆಗಾಯಿ ಬೇಡ. ಕುಚ್ಚಲಕ್ಕಿ ಗಂಜಿ ಅಭ್ಯಾಸ ಇರುವ ಮನೆಗಳಲ್ಲಿ ಅದೂ ಸರಿಯೇ, ಮಿಡಿ ಉಪ್ಪಿನಕಾಯಿ ಮಾತ್ರ ಸ್ವಲ್ಪ. ಉಪ್ಪು ಜಾಸ್ತಿಯಾದರೆ ಪರೀಕ್ಷೆ ಉದ್ದಕ್ಕೂ ನೀರಡಿಕೆ.

ಪೂರಿ, ಬೆಣ್ಣೆ ಮಸಾಲೆ ದೋಸೆ, ಬೋಂಡ ಆ ದಿನ ಬೇಡ. ಸಂಜೆ ತಿನ್ನಬಹುದು.

ಮಧ್ಯಾಹ್ನದ ಪೇಪರ್ ಇದ್ದರೆ ಊಟವನ್ನು ಬೇಗ ಮಾಡಿ. ನೀಟ್‌ಗೆ ಹನ್ನೊಂದೂವರೆಗೇ ಊಟ ಮುಗಿದಿರಲಿ. ಎರಡು ಚಪಾತಿ, ಪಲ್ಯ ಅಥವಾ ದಿನದ ಊಟದ ಅರ್ಧದಷ್ಟು ಅನ್ನ, ಸಾರು, ಮಜ್ಜಿಗೆ. ಒಂದೆಲಗದ ತಂಬುಳಿ ಉಂಡರೆ ನೆನಪು ಚುರುಕಾಗುತ್ತದೆ ಅನ್ನುತ್ತಾರೆ ಹಿರಿಯರು. ಒಂದು ದಿನದ ತಂಬುಳಿ ಅಂಕ ತರುವುದಿಲ್ಲ. ಆದರೆ ಬೇಸಿಗೆಯ ಸೆಕೆಗೆ ಅದು ತಂಪು, ಹೊಟ್ಟೆಗೆ ಹಗುರ. ಧೈರ್ಯವಾಗಿ ಉಣ್ಣಿ.

ಹಂತ 8: ದಿನದ ಗಡಿಯಾರ

ಬೆಳಗ್ಗೆ ಹತ್ತರ ಪಿಯುಸಿ ಅಥವಾ ಡಿಗ್ರಿ ಪೇಪರ್: ಏಳೂವರೆಗೆ ತಿಂಡಿ. ಒಂಬತ್ತಕ್ಕೆ ಅರ್ಧ ಲೋಟ ಕಾಫಿ. ಒಂಬತ್ತೂವರೆಗೆ ಶೌಚಾಲಯ. ಖಾಲಿ ಹೊಟ್ಟೆಗೆ ಕಾಫಿ ಹಾಕಬೇಡಿ. ಕೆಲವರಿಗೆ ಗ್ಯಾಸ್ಟ್ರಿಕ್ ಆಗುತ್ತದೆ, ಕೆಲವರಿಗೆ ಕಾಫಿ ಕುಡಿದ ತಕ್ಷಣ ಹೊಟ್ಟೆ ಸಡಿಲವಾಗುತ್ತದೆ. ನೀವು ಎರಡನೆಯ ಥರದವರಾದರೆ ಮನೆಯಲ್ಲೇ ಕುಡಿದು ಕೆಲಸ ಮುಗಿಸಿ ಹೊರಡಿ. ಎಚ್ಚರ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ.

ಸಿಇಟಿ ದಿನ: ಎಂಟಕ್ಕೆ ತಿಂಡಿ, ಒಂಬತ್ತೂವರೆಗೆ ಅರ್ಧ ಲೋಟ ಕಾಫಿ. 11.50ಕ್ಕೆ ಮೊದಲ ಪೇಪರ್ ಮುಗಿಯುತ್ತದೆ. ಹೊರಗೆ ಬಂದು ಉತ್ತರ ತಾಳೆ ನೋಡುವ ಗುಂಪಿನಲ್ಲಿ ನಿಲ್ಲಬೇಡಿ. ಹನ್ನೆರಡೂಕಾಲಿಗೆ ಹಗುರ ಊಟ. ಒಂದು ಗಂಟೆಗೆ ಇನ್ನರ್ಧ ಲೋಟ ಕಾಫಿ ಕುಡಿದು, ಮರದ ನೆರಳಿನಲ್ಲೋ ಕಾರಿನಲ್ಲೋ ತಕ್ಷಣ ಕಣ್ಣು ಮುಚ್ಚಿ. ಮೊಬೈಲಿನಲ್ಲಿ 20 ನಿಮಿಷಕ್ಕೆ ಅಲಾರಂ ಇಡಿ, ಅಪ್ಪನಿಗೂ ಹೇಳಿಡಿ. ಎಚ್ಚರವಾಗುವ ಹೊತ್ತಿಗೆ ಸರಿಯಾಗಿ ಕೆಫೀನ್ ಏರಲು ಶುರುವಾಗಿರುತ್ತದೆ. ಸಣ್ಣ ನಿದ್ದೆ ಮತ್ತು ಕಾಫಿ ಎರಡೂ ಸೇರಿದರೆ ಒಂದೊಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಅರ್ಧ ಗಂಟೆ ದಾಟಿದರೆ ಆಳ ನಿದ್ದೆಗೆ ಜಾರಿ ಎದ್ದಮೇಲೆ ಇನ್ನೂ ಮಂಕಾಗುತ್ತೀರಿ. ಮಲಗಿ ಅಭ್ಯಾಸ ಇಲ್ಲದವರು ಕಣ್ಣು ಮುಚ್ಚಿ ಕೂತರೂ ಸಾಕು. ಕೆಎಎಸ್ ಬರೆಯುವವರಿಗೂ ಇದೇ ಕ್ರಮ.

ನೀಟ್ ದಿನ: ಎಂಟಕ್ಕೆ ತಿಂಡಿ, ಹನ್ನೊಂದೂವರೆಗೆ ಊಟ. 12.45ಕ್ಕೆ ಸಣ್ಣ ಲೋಟ ಕಾಫಿ, ಗೇಟಿನ ಹೊರಗೆ, ಫ್ಲಾಸ್ಕಿನಿಂದ. ಒಂದು ಗಂಟೆಗೆ ಸಾಲಿನಲ್ಲಿ ನಿಂತಿರಬೇಕು. ಬೆಳಗ್ಗೆಯೂ ಕಾಫಿ ಬೇಕೇ ಬೇಕು ಅನ್ನುವವರು ಅರ್ಧ ಲೋಟಕ್ಕೆ ನಿಲ್ಲಿಸಿ. ದಿನದ ಒಟ್ಟು ಲೆಕ್ಕ ಮರೆಯಬೇಡಿ.

ಹಂತ 9: ಹಾಲ್ ಒಳಗೆ

ದೊಡ್ಡ ಪರೀಕ್ಷೆಗಳಲ್ಲಿ ತಿಂಡಿ ಒಳಗೆ ಬಿಡುವುದಿಲ್ಲ. ಪಾರದರ್ಶಕ ನೀರಿನ ಬಾಟಲಿ ಬಿಡುತ್ತಾರಾ ಅಂತ ಹಾಲ್ ಟಿಕೆಟ್‌ನ ಸೂಚನೆಯಲ್ಲಿ ಮೊದಲೇ ನೋಡಿ. ಸಕ್ಕರೆ ಕಾಯಿಲೆ ಇರುವ ಮಕ್ಕಳಿಗೆ ಜೆಇಇ ಮೇನ್‌ನಲ್ಲಿ ಸಕ್ಕರೆ ಮಾತ್ರೆ, ಬಾಳೆ, ಸೇಬು, ಕಿತ್ತಳೆಯಂಥ ಹಣ್ಣು ಒಯ್ಯಲು ಅವಕಾಶ ಇದೆ. ಪ್ಯಾಕೆಟ್ ತಿಂಡಿ, ಚಾಕೊಲೇಟ್‌ಗೆ ಇಲ್ಲ. ಡಾಕ್ಟರ ಚೀಟಿ ಜೊತೆಗಿರಲಿ, ಕೇಂದ್ರದವರಿಗೆ ಮೊದಲೇ ತಿಳಿಸಿ. ಇನ್ಸುಲಿನ್ ತೆಗೆದುಕೊಳ್ಳುವ ಮಗು ಊಟದ ಹೊತ್ತನ್ನು ನಾನು ಹೇಳಿದಂತೆ ಬದಲಿಸಬಾರದು, ತನ್ನ ಡಾಕ್ಟರನ್ನೇ ಕೇಳಬೇಕು.

ಕಾಫಿ ಕುಡಿದರೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ ಅಂತ ಹೆದರಿ ಬೆಳಗ್ಗೆಯಿಂದ ನೀರೇ ಕುಡಿಯದ ಹೆಣ್ಣುಮಕ್ಕಳು ತುಂಬ ಜನ. ದಯವಿಟ್ಟು ಹಾಗೆ ಮಾಡಬೇಡಿ. ಮೈಯಲ್ಲಿ ನೀರು ಸ್ವಲ್ಪ ಕಡಿಮೆಯಾದರೂ ಗಮನ ಕುಗ್ಗುತ್ತದೆ, ತಲೆ ನೋಯುತ್ತದೆ. ಬೇಸಿಗೆಯಲ್ಲಿ ಶಿವಮೊಗ್ಗ ಪೇಟೆ ಆಗುಂಬೆಯ ಹಾಗಿರುವುದಿಲ್ಲ, ಸೆಕೆ ಜೋರು. ದಿನಾ ಕಾಫಿ ಕುಡಿಯುವವರಿಗೆ ಅರ್ಧ ಲೋಟದಿಂದ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ. ಬೆಳಗ್ಗೆಯಿಂದ ಸ್ವಲ್ಪ ಸ್ವಲ್ಪವೇ ನೀರು ಕುಡಿಯಿರಿ. ಕೊನೆಯ ಮುಕ್ಕಾಲು ಗಂಟೆ ಗುಟುಕು ಮಾತ್ರ. ಒಳಗೆ ಹೋಗುವ ಮೊದಲು ಶೌಚಾಲಯಕ್ಕೆ ಹೋಗಿ, ಬೇಡ ಅನಿಸಿದರೂ ಹೋಗಿ. ಹಾಲ್‌ನಲ್ಲಿ ಅರ್ಧ ಗಂಟೆಗೊಂದು ಗುಟುಕು ನೀರು. ಹೋಗಲೇಬೇಕಾದರೆ ಹೋಗಿಬನ್ನಿ. ತಡೆದುಕೊಂಡು ಕೂತರೆ ಲೆಕ್ಕ ತಲೆಗೆ ಹತ್ತುವುದಿಲ್ಲ.

ಮಧ್ಯೆ ತೂಕಡಿಕೆ ಬಂದರೆ ಪೆನ್ನು ಕೆಳಗಿಡಿ. ಬೆನ್ನು ನೇರ ಮಾಡಿ. ಪಾದಗಳನ್ನು ನೆಲಕ್ಕೆ ಒತ್ತಿ ಬಿಡಿ. ಹತ್ತು ಸಲ ನಿಧಾನ ಉಸಿರು. ಆಮೇಲೆ ಬೇರೆ ವಿಭಾಗಕ್ಕೆ ಹೋಗಿ. ರಸಾಯನಶಾಸ್ತ್ರದಲ್ಲಿ ಕಣ್ಣು ಎಳೆಯುತ್ತಿದ್ದರೆ ಜೀವಶಾಸ್ತ್ರದ ಹತ್ತು ಪ್ರಶ್ನೆ ಮಾಡಿ ಬನ್ನಿ.

ಹಂತ 10: ಇವು ಬೇಡ

ಅಡಿಕೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅನ್ನ ಅಡಿಕೆಯಿಂದ ಬರುತ್ತದೆ, ಗೊತ್ತು. ಆದರೂ ಹೇಳಲೇಬೇಕು. ರಾತ್ರಿ ಓದುವಾಗ ನಿದ್ದೆ ಬಾರದಿರಲಿ ಅಂತ ಒಂದು ಹೋಳು ಬಾಯಿಗೆ ಹಾಕಿಕೊಳ್ಳುವ ಹುಡುಗರಿದ್ದಾರೆ. ಅಡಿಕೆಯ ಅರೆಕೋಲಿನ್ ನಿಜವಾಗಿಯೂ ಮೈ ಬಿಸಿ ಮಾಡಿ ಎಚ್ಚರ ಕೊಡುತ್ತದೆ. ಅದರಿಂದಲೇ ಚಟವೂ ಬೇಗ ಅಂಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆ ಜಗಿಯುವುದನ್ನು, ತಂಬಾಕು ಇಲ್ಲದಿದ್ದರೂ, ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿ ಇಟ್ಟಿದೆ. ಹೋಳಿನಿಂದ ಗುಟ್ಕಾಗೆ ಹೋಗುವ ದಾರಿ ಬಹಳ ಹತ್ತಿರ. ಪರೀಕ್ಷೆಯ ನೆಪದಲ್ಲಿ ಶುರುವಾದದ್ದು ಪರೀಕ್ಷೆ ಮುಗಿದ ಮೇಲೆ ನಿಲ್ಲುವುದಿಲ್ಲ.

ಎನರ್ಜಿ ಡ್ರಿಂಕ್. ಮಕ್ಕಳಿಗೆ ಅಲ್ಲ ಅಂತ ಅದರ ಮೇಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಬೇಕರಿಯಲ್ಲಿ ತಂಪಾಗಿ ಸಿಗುತ್ತದೆ, ಬಾಯಾರಿಕೆಗೆ ಗಟಗಟ ಇಳಿಯುತ್ತದೆ. ಬಿಸಿ ಕಾಫಿಯನ್ನು ಹಾಗೆ ಕುಡಿಯಲು ಆಗುವುದಿಲ್ಲ. ಕೆಫೀನ್ ಜೊತೆಗೆ ಐದಾರು ಚಮಚ ಸಕ್ಕರೆಯೂ ಒಮ್ಮೆಲೇ ಒಳಗೆ ಹೋಗುತ್ತದೆ.

ಕೆಫೀನ್ ಮಾತ್ರೆ, ಪುಡಿ, ಸೀನಿಯರ್ ಕೊಟ್ಟ ನಿದ್ದೆಗೆಡಿಸುವ ಮಾತ್ರೆ. ಇವುಗಳಲ್ಲಿ ಅಳತೆ ತಪ್ಪುವುದು ಬಲು ಸುಲಭ. ಮುಟ್ಟಬೇಡಿ.

ಹೃದಯದ ಬಡಿತದ ತೊಂದರೆ, ರಕ್ತದೊತ್ತಡ, ಫಿಟ್ಸ್, ಜೋರು ಆತಂಕದ ಕಾಯಿಲೆ ಇರುವವರು ಕಾಫಿಯ ಲೆಕ್ಕವನ್ನು ಡಾಕ್ಟರ ಹತ್ತಿರ ಮಾತಾಡಿಯೇ ಹಾಕಬೇಕು. ಬಸುರಿಯಾಗಿದ್ದು ಬಿಎಡ್, ಕೆಎಎಸ್ ಬರೆಯುವವರೂ ಇದ್ದಾರೆ. ಅವರಿಗೆ ದಿನಕ್ಕೆ 200 ಮಿಲಿಗ್ರಾಂ ಮೇಲಿನ ಗೆರೆ. ಥೈರಾಯ್ಡ್ ಮಾತ್ರೆ ನುಂಗುವವರು ಕಾಫಿಗೆ ಮುಂಚೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಸಿಪ್ರೊಫ್ಲಾಕ್ಸಸಿನ್ ಕೋರ್ಸ್ ನಡೆಯುತ್ತಿದ್ದರೆ ಕೆಫೀನ್ ಮೈಯಿಂದ ನಿಧಾನವಾಗಿ ಹೋಗುತ್ತದೆ, ದಿನದ ಕಾಫಿಯೇ ಜಾಸ್ತಿಯಾಗಿ ಕಾಡಬಹುದು.

ಹಂತ 11: ಪೇಪರ್ ಮುಗಿದ ಮೇಲೆ

ನಾಳೆ ಇನ್ನೊಂದು ಪೇಪರ್ ಇದ್ದರೆ ಹೊರಗೆ ಬಂದ ತಕ್ಷಣ ಗೆಳೆಯರ ಜೊತೆ ಹೋಟೆಲಿನಲ್ಲಿ ಬೈಟು ಕಾಫಿ ಅನ್ನಬೇಡಿ. ಮಜ್ಜಿಗೆ ಅಥವಾ ಮುರುಗಲು ಶರಬತ್ತು ಕುಡಿಯಿರಿ. ಹುರಿದ ಶೇಂಗಾ, ಬೆಲ್ಲ, ಬಾಳೆಹಣ್ಣು ತಿಂದು, ಮನೆಗೆ ಹೋಗಿ ಅರ್ಧ ಗಂಟೆ ಮಲಗಿ. ಸಂಜೆ ಕಷಾಯ, ಬೇಗ ಊಟ, ಹತ್ತಕ್ಕೆ ನಿದ್ದೆ.

ಎಲ್ಲ ಪೇಪರ್ ಮುಗಿದ ಮೇಲೆ ಕಾಫಿ ಕಡಿಮೆ ಮಾಡಬೇಕು ಅನಿಸಿದರೆ ಎರಡು-ಮೂರು ದಿನಕ್ಕೊಮ್ಮೆ ಅರ್ಧ ಲೋಟದಂತೆ ಇಳಿಸಿ. ಮೊದಲು ಸಂಜೆಯದ್ದು ಬಿಡಿ, ಬೆಳಗಿನದ್ದು ಕೊನೆಗೆ. ಹೀಗೆ ಇಳಿಸಿದರೆ ತಲೆನೋವು ಬಹುತೇಕ ಕಾಡುವುದಿಲ್ಲ. ಎರಡನೇ ಸಲದ ಪರೀಕ್ಷೆಯೋ ಇನ್ನೊಂದು ಪ್ರವೇಶ ಪರೀಕ್ಷೆಯೋ ಹತ್ತಿರದಲ್ಲೇ ಇದ್ದರೆ, ಅದಕ್ಕೆ ಹತ್ತು ದಿನ ಇರುವಾಗಲೇ ಈ ಇಳಿಸುವ ಕೆಲಸ ಮುಗಿದಿರಲಿ.